ಮಂಕಾಳಿ ಎಳೆದ ಗೆರೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ನನ್ನ ಅಜ್ಜಿಗೂ ಗೊತ್ತಿರಲಿಲ್ಲ, ಹೊಳೆ ಸಮುದ್ರ ಸೇರುವ ಅಳಿವೆಯ ಈಚೆ ದಡದಲ್ಲಿ ಒಂದು ಊರಿತ್ತಂತೆ. ಆ ಊರಿನವರು ಉಪ್ಪು ಬೆಳೆಯುವವರು. ಸಮುದ್ರದ ನೀರನ್ನು ಮಣ್ಣಿನ ಒಡ್ಡುಗಳೊಳಗೆ ನಿಲ್ಲಿಸುವುದು, ಬಿಸಿಲಿಗೆ ಬಿಡುವುದು, ಉಪ್ಪು ಕಟ್ಟಿದ ಮೇಲೆ ಹಲಗೆಯಿಂದ ಎಳೆದು ರಾಶಿ ಹಾಕುವುದು. ಆ ಗದ್ದೆಗಳಿಗೆ ಆಗರ ಎನ್ನುತ್ತಾರೆ. ಉಪ್ಪುನೀರಲ್ಲಿ ನಿಂತು ನಿಂತು ಅವರ ಹಿಮ್ಮಡಿ ಒಡೆಯುತ್ತಿತ್ತು, ಬೆರಳಸಂದಿ ಬೆಳ್ಳಗೆ ಬಿರಿಯುತ್ತಿತ್ತು. ಆ ಬಿರುಕಿನಿಂದ ಕೆಂಪು ಒಳಗೆ ಹೋಗುತ್ತಿತ್ತು.

ಅವರು ಅದನ್ನು ಕೆಂಪು ಎಂದೇ ಕರೆಯುತ್ತಿದ್ದರಂತೆ. ಈಗಿನ ಡಾಕ್ಟರು ಸೆಲ್ಯುಲೈಟಿಸ್ ಎನ್ನುತ್ತಾರೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಚರ್ಮದ ಅಡಿಗೆ ಸೇರಿಕೊಂಡು ಮಾಡುವ ಕೆಲಸ ಎನ್ನುತ್ತಾರೆ. ಹೆಸರು ಯಾವುದಾದರೇನು, ಕಾಲು ಅದೇ. ಮೊದಲು ಚೂರು ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ. ಆಮೇಲೆ ಊದಿ, ಚರ್ಮ ಬಿಗಿದು ಹೊಳೆಯುತ್ತದೆ, ಸೀರೆಯ ಅಂಚು ತಗುಲಿದರೂ ಜೀವ ಹೋದ ಹಾಗಾಗುತ್ತದೆ. ಅಲ್ಲಿಗೇ ನಿಂತರೆ ಪುಣ್ಯ. ನಿಲ್ಲದೆ ಮೇಲಕ್ಕೆ ಹತ್ತಿದರೆ ಚಳಿಜ್ವರ, ಅದೂ ಮೀರಿದರೆ ರಕ್ತಕ್ಕೇ ಇಳಿಯುತ್ತದೆ.

ಆ ಊರಲ್ಲಿ ಮಂಕಾಳಿ ಎಂಬ ಹೆಂಗಸಿದ್ದಳಂತೆ. ಅವಳೂ ಆಗರದ ಆಳೇ. ಕೆಂಪು ಬಂದ ಕಾಲನ್ನು ಅವಳ ಮುಂದೆ ಚಾಚಿದರೆ ಕಾಯಿಸಿ ಆರಿಸಿದ ನೀರಲ್ಲಿ ತೊಳೆದು, ಒರೆಸಿ, ಬಿರುಕಿಗೆ ಶುದ್ಧ ಬಟ್ಟೆ ಸುತ್ತುತ್ತಿದ್ದಳಂತೆ. ಉರಿಯುವ ಜಾಗದ ಮೇಲೆ ತಣ್ಣನೆಯ ಒದ್ದೆ ಬಟ್ಟೆ. ಕಾಲಿನಡಿ ಮಗುಚಿದ ಉಪ್ಪಿನ ಬುಟ್ಟಿ ಇಟ್ಟು, ಕಾಲು ಎದೆಗಿಂತ ಮೇಲಿರಲಿ, ಆಗರಕ್ಕೆ ಇಳಿದರೆ ನನ್ನ ಹತ್ತಿರ ಬರಬೇಡ ಎಂದು ಗದರುತ್ತಿದ್ದಳಂತೆ. ಕೊನೆಗೆ ದೀಪದ ಕಾಡಿಗೆಗೆ ಎಣ್ಣೆ ಕಲಸಿ, ತೆಂಗಿನ ಕಡ್ಡಿಯಲ್ಲಿ ಅದ್ದಿ, ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸುತ್ತಲೂ ಒಂದು ಕಪ್ಪು ಗೆರೆ ಎಳೆಯುತ್ತಿದ್ದಳಂತೆ.

ಮಾರನೆಯ ಬೆಳಿಗ್ಗೆ ಬಂದು ಆ ಗೆರೆಯನ್ನು ನೋಡುತ್ತಿದ್ದಳು. ಕೆಂಪು ಒಳಗೇ ಇದ್ದರೆ ಸರಿ, ಇನ್ನೆರಡು ದಿನ ಮಲಗು. ಗೆರೆ ದಾಟಿದ್ದರೆ ಒಂದು ಮಾತೂ ಆಡದೆ ದೋಣಿ ಹತ್ತಿಸಿ ಅಳಿವೆಯಾಚೆಯ ಬಂದರಿಗೆ ಕಳಿಸುತ್ತಿದ್ದಳು. ಅಲ್ಲಿ ಸೂಜಿಮದ್ದಿನ ಡಾಕ್ಟರಿದ್ದರಂತೆ. ಗೆರೆಯ ಕೆಲಸ ಇಷ್ಟೇ. ಹರಡುತ್ತಿದೆಯೋ ಇಲ್ಲವೋ ಎಂದು ಹೇಳುವುದು.

ಆದರೆ ಜನರ ಬಾಯಿ ಕೇಳಬೇಕೆ? ಮಂಕಾಳಿಯ ಗೆರೆ ಕಂಡರೆ ಕೆಂಪು ಹೆದರಿ ಹಿಂದೆ ಸರಿಯುತ್ತದಂತೆ ಎಂದರು. ಒಮ್ಮೆ ಅವಳು ಮರಳ ಮೇಲೆ ಕಡ್ಡಿಯಿಂದ ಗೆರೆ ಎಳೆದದ್ದಕ್ಕೆ ಉಬ್ಬರದ ನೀರೂ ಅಲ್ಲೇ ನಿಂತಿತಂತೆ ಎಂದರು. ಮಂಕಾಳಿಯ ಕಿವಿಗೂ ಇದು ಬಿತ್ತು. ಅವಳು ಅಲ್ಲ ಅನ್ನಲಿಲ್ಲ. ಗೆರೆಯನ್ನು ನಂಬಿದವರು ಹೇಳಿದ ಹಾಗೆ ಮಲಗಿರುತ್ತಾರೆ, ನಂಬಲಿ ಬಿಡು ಅಂದುಕೊಂಡಳು. ನಿಜ ಹೇಳಬೇಕೆಂದರೆ, ಕೇಳಿ ಒಳಗೊಳಗೇ ಖುಷಿಯೂ ಆಗಿತ್ತಂತೆ. ಆಗದೆ ಇರುತ್ತದೆಯೇ? ಮೈಯೆಲ್ಲ ಉಪ್ಪು ಹತ್ತಿದ ಹೆಂಗಸನ್ನು ಊರು ತಲೆಯ ಮೇಲೆ ಹೊತ್ತು ಕುಣಿಯುತ್ತಿತ್ತು.

ಅವಳಿಗೆ ಒಬ್ಬಳೇ ಮಗಳು, ಸೋಮಿ. ಒಂದು ವರ್ಷ ಬೇಸಿಗೆಯ ಕೊನೆ, ಸಮುದ್ರದ ಮೇಲೆ ಮೋಡ ಕಾಣತೊಡಗಿತ್ತು. ಮಳೆ ಬಿದ್ದರೆ ಆಗರದ ಉಪ್ಪೆಲ್ಲ ನೀರು. ಅಂಥ ಹೊತ್ತಿನಲ್ಲೇ ಸೋಮಿಯ ಹಿಮ್ಮಡಿಯ ಬಿರುಕಿಗೆ ಕೆಂಪು ಹೊಕ್ಕಿತು. ಮಂಕಾಳಿ ತೊಳೆದಳು, ಬಟ್ಟೆ ಸುತ್ತಿದಳು, ಪಾದದ ಗಂಟಿನ ಕೆಳಗೆ ಗೆರೆ ಎಳೆದಳು. ಅಷ್ಟರಲ್ಲಿ ಹೊಳೆಯ ಮೇಲಿನ ಕೇರಿಯಿಂದ ಕರೆ ಬಂತು. ಅಲ್ಲೊಬ್ಬ ಮುದುಕನ ಎರಡೂ ಕಾಲು ಊದಿದೆಯಂತೆ. ಹೊರಡುವಾಗ ಮಗಳಿಗೆ, “ಮಲ್ಗೇ ಇರು. ಗೆರೆ ಮೇಲೆ ಕಣ್ಣಿಟ್ಟಿರು” ಎಂದಳು. ಇಷ್ಟೇ ಹೇಳಿದ್ದು. ನನ್ನ ಮಗಳಿಗೆ ಗೊತ್ತಿಲ್ಲದ್ದೇನಿದೆ ಎಂದುಕೊಂಡಳು. ಪಾಪ, ಸೋಮಿ ತಾಯಿಯ ಕಥೆಯನ್ನು ಊರವರ ಬಾಯಲ್ಲಿ ಕೇಳಿ ಬೆಳೆದವಳು.

ಸೋಮಿ ಒಂದು ದಿನ ಮಲಗಿದಳು. ಮರುದಿನ ನೋಡಿದರೆ ಕೆಂಪು ಗೆರೆ ದಾಟಿತ್ತು. ಅವಳು ಹೆದರಲಿಲ್ಲವಂತೆ. ಆಗರದಲ್ಲಿ ಹುಟ್ಟಿದವಳು, ಆಗರದವರ ಬುದ್ಧಿಯೇ ಓಡಿತು. ಉಬ್ಬರಕ್ಕೆ ಒಡ್ಡು ಒಡೆದರೆ ಏನು ಮಾಡುತ್ತೇವೆ? ಹಿಂದೆ ಸರಿದು ಇನ್ನೊಂದು ಒಡ್ಡು ಹಾಕುತ್ತೇವೆ. ಅವಳೂ ಕಾಡಿಗೆ ಕಲಸಿ ಕಣಕಾಲಿನ ಮೇಲೆ ಎರಡನೆಯ ಗೆರೆ ಎಳೆದಳು, ಮೊದಲನೆಯದಕ್ಕಿಂತ ದಪ್ಪವಾಗಿ. ಒಡ್ಡು ಹಾಕಿಯಾಯಿತಲ್ಲ ಎಂದು ಕುಂಟುತ್ತ ಉಪ್ಪು ಎಳೆಯಲು ಹೋದಳು. ಸಂಜೆಗೆ ಮೈ ನಡುಗತೊಡಗಿತು. ಮೂರನೆಯ ಬೆಳಿಗ್ಗೆ ಮೊಣಕಾಲಿನ ಕೆಳಗೆ ಮೂರನೆಯ ಗೆರೆ ಬಂತು. ನೆರೆಯವರು ನೋಡಿ, ಮಂಕಾಳಿಯ ಮಗಳಲ್ಲವೇ, ಕೈಗುಣ ಬಂದಿದೆ ಎಂದರಂತೆ.

ಅಂದು ಮಧ್ಯಾಹ್ನ ಮಂಕಾಳಿ ಮರಳಿದಳು. ಕಾಲಿಗೆ ಹೊದೆಸಿದ್ದ ಬಟ್ಟೆ ಸರಿಸಿದಳು. ಮೂರು ಗೆರೆ, ಮೂರನ್ನೂ ದಾಟಿ ತೊಡೆಯವರೆಗೆ ಕೆಂಪು.

“ಮೂರು ಒಡ್ಡು ಹಾಕ್ದೆ ಅವ್ವಾ,” ಎಂದಳಂತೆ ಸೋಮಿ. “ನಿನ್ನ ಹಾಗೇ ಹಾಕ್ದೆ. ಒಂದೂ ನಿಲ್ಲಲಿಲ್ಲ.”

ಮಂಕಾಳಿ ಮಗಳನ್ನು ಬೆನ್ನ ಮೇಲೆ ಹಾಕಿಕೊಂಡು ದೋಣಿಗೆ ಓಡಿದಳು. ಆಗ ಇಳಿತದ ಹೊತ್ತು. ಅಳಿವೆಯಲ್ಲಿ ದೋಣಿ ತೇಲುವಷ್ಟು ನೀರಿರಲಿಲ್ಲ, ಅದು ಕೆಸರಲ್ಲಿ ಕೂತಿತ್ತು. ನೀರು ಏರುವವರೆಗೆ ಕಾಯಬೇಕು. ತಾಯಿ ಮಗಳ ಕಾಲನ್ನು ತನ್ನ ಹೆಗಲ ಮೇಲೆ ಎತ್ತಿ ಹಿಡಿದು ಕೆಸರಲ್ಲಿ ಕೂತಿದ್ದಳಂತೆ. ದೋಣಿಯವನು ಮುಖ ಆಚೆ ತಿರುಗಿಸಿಕೊಂಡಿದ್ದನಂತೆ. ಬಂದರು ಮುಟ್ಟುವಾಗ ಸೋಮಿಗೆ ತಾಯಿಯ ಗುರುತು ಸಿಗುತ್ತಿರಲಿಲ್ಲ. ಡಾಕ್ಟರು ಸೂಜಿ ಹಾಕಿದರು. ನಿನ್ನೆ ಬಂದಿದ್ದರೆ ಎಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಣ ತೊಳೆಯುವಾಗ ಮಂಕಾಳಿ ಆ ಮೂರು ಗೆರೆಗಳನ್ನು ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೆಗೆದಳಂತೆ. ಆಮೇಲೆ ಅವಳು ಯಾರ ಕಾಲಿಗೂ ಗೆರೆ ಎಳೆಯಲಿಲ್ಲ. ಮನೆಮನೆಗೆ ಹೋಗಿ ಹೇಳಿದಳು, “ಗೆರೆ ಏನನ್ನೂ ತಡೆಯೂದಿಲ್ಲ. ದಾಟಿತಾ ನೋಡಿ. ದಾಟಿದ್ರೆ ದೋಣಿ ಹತ್ತಿ. ಅಷ್ಟೇ.” ಜನ ತಲೆಯಾಡಿಸಿ ಅವಳಿಗೆ ಗಂಜಿ ಕೊಟ್ಟರು. ಮಗಳು ಹೋದ ಮೇಲೆ ಬುದ್ಧಿ ನೆಟ್ಟಗಿಲ್ಲ ಎಂದರು. ತನ್ನ ಬಾಯಿಂದಲೇ ತನ್ನ ಶಕ್ತಿಯನ್ನು ಇಲ್ಲ ಅನ್ನುತ್ತಾಳಲ್ಲ, ಎಂಥ ದೊಡ್ಡ ಮನಸ್ಸು ಎಂದವರೂ ಇದ್ದರಂತೆ. ಅಲ್ಲ ಅನ್ನಬೇಕಾದ ಕಾಲದಲ್ಲಿ ಅನ್ನಲಿಲ್ಲ, ಅಂದಾಗ ಕೇಳುವವರಿರಲಿಲ್ಲ. ಹಾಗೆ ಹೇಳುತ್ತಲೇ ತಿರುಗಿ, ಒಂದು ದಿನ ಆಗರದ ಒಡ್ಡಿನ ಮೇಲೆ ಸತ್ತು ಬಿದ್ದಿದ್ದಳಂತೆ.

ಇಂದಿಗೂ ಆ ಕಡೆ ಆಗರಕ್ಕೆ ಮೊದಲ ನೀರು ಬಿಡುವ ದಿನ ಹೆಂಗಸರೆಲ್ಲ ಸಾಲಾಗಿ ಕೂರುತ್ತಾರೆ. ಹಿರಿಯಳೊಬ್ಬಳು ಮಂಕಾಳಿಯ ಹೆಸರು ಹೇಳಿ, ಒಬ್ಬೊಬ್ಬರ ಪಾದಕ್ಕೂ ಕಾಡಿಗೆಯ ಗೆರೆ ಎಳೆಯುತ್ತಾಳೆ. ಇನ್ನು ವರ್ಷವಿಡೀ ಕೆಂಪು ಹತ್ತಿರ ಬರುವುದಿಲ್ಲ ಎನ್ನುತ್ತಾರೆ. ಆಮೇಲೆ ಎಲ್ಲರೂ ಎದ್ದು, ಒಡೆದ ಹಿಮ್ಮಡಿಯಲ್ಲೇ ಉಪ್ಪುನೀರಿಗೆ ಇಳಿಯುತ್ತಾರೆ. ಸಂಜೆ ಕಾಲು ತೊಳೆಯುವಾಗ ಗೆರೆ ನೀರಿನೊಡನೆ ಹೋಗುತ್ತದೆ. ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ.