ವ್ಯಾಪಾರಿಯ ಜೇಬಿನಲ್ಲಿದ್ದ ಫೋನು

"ಬುದ್ಧಿ, ಅಪಾಯ ಯಾವ ದಿಕ್ಕಿನಿಂದ ಬರುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?" ಎಂದು ಚನ್ನಮಲ್ಲ ಕೇಳಿದ.

ಚನ್ನಮಲ್ಲ ಗುರುಗಳ ಹಿರಿಯ ಶಿಷ್ಯ. ಗುರುಗಳಿಗೆ ವಯಸ್ಸಾದ ಮೇಲೆ ಮಠದ ಬೆಳಗಿನ ಪ್ರವಚನ ಅವನ ಪಾಲಿಗೆ ಬಂದಿತ್ತು. ಹೊಳೆಯ ಆಚೆ ದಡದಲ್ಲಿ ಹೊಸದೊಂದು ಮಠ ಎದ್ದಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಲ್ಲಿಗೆ ಬರುವವರು ಕಡಿಮೆಯಾಗುತ್ತಿದ್ದರು. ಅಲ್ಲಿಯ ಸ್ವಾಮಿಗಳು ಏನು ಹೇಳುತ್ತಾರೆ, ಮೈಕು ಎಂಥದ್ದು, ಪ್ರಸಾದಕ್ಕೆ ಏನು ಮಾಡುತ್ತಾರೆ, ಜಮಖಾನ ಎಲ್ಲಿಯತನಕ ಹಾಸುತ್ತಾರೆ, ಎಲ್ಲವೂ ಅವನಿಗೆ ಗೊತ್ತಿತ್ತು. ಅಂದೂ ಪ್ರವಚನ ಹೇಳುತ್ತಲೇ ಹೊಳೆಯಾಚೆ ಕಣ್ಣಿಟ್ಟಿದ್ದ. ಮುಗಿದ ಕೂಡಲೇ ಗುರುಗಳ ಬಳಿಗೆ ಬಂದು, ಅಲ್ಲಿ ಅಂಗಳ ತುಂಬಿ ಮೆಟ್ಟಿಲ ಮೇಲೂ ಜನ ಕೂತಿದ್ದಾರೆ ಎಂದು ವರದಿ ಒಪ್ಪಿಸಿದ್ದ. ಮಠ ತನ್ನ ಕೈಯಲ್ಲೇ ಮುಚ್ಚಿಹೋದೀತು ಎಂಬುದು ಅವನ ಭಯ.

ಗುರುಗಳು ಹೊಳೆಯ ಕಡೆ ನೋಡಲಿಲ್ಲ. "ಕೂತುಕೋ" ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಮೊಬೈಲ್ ಫೋನು ಮಾಡಿ ಮಾರುವುದು ಅವನ ಕಸುಬು. ಸಣ್ಣ ಊರಿನ ಒಂದು ತಗಡಿನ ಷೆಡ್ಡಿನಲ್ಲಿ ಶುರುವಾದದ್ದು ಕಡಲು ದಾಟಿ ದೇಶ ದೇಶಗಳಿಗೆ ಹೋಯಿತು. ಅವನ ಫೋನು ನೋಡಲು ಚೆಂದವೇನಲ್ಲ, ಇಟ್ಟಿಗೆಯ ಹಾಗೆ ದಪ್ಪ. ಆದರೆ ಅದರ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ನೀರಿಗೆ ಬಿದ್ದರೆ ಬಿಚ್ಚಿ, ಬ್ಯಾಟರಿ ತೆಗೆದು, ಒರೆಸಿ ಬಿಸಿಲಿಗಿಟ್ಟು ಮತ್ತೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಮೀನು ಹಿಡಿಯುವವರು, ದೋಣಿ ನಡೆಸುವವರು, ಗದ್ದೆಯ ಕೆಸರಿನಲ್ಲಿ ನಿಲ್ಲುವವರು, ದೇಶ ಯಾವುದಾದರೇನು, ಅಂಗಡಿಗೆ ಹೋಗಿ ಅದನ್ನೇ ಕೇಳಿ ಕೊಳ್ಳುತ್ತಿದ್ದರು.

ವ್ಯಾಪಾರ ಬೆಳೆದ ಹಾಗೆ ವ್ಯಾಪಾರಿಯ ನೆಮ್ಮದಿ ಹೋಯಿತು. ಒಂದು ದೇಶದ ಗಣಿಯಿಂದ ಲೋಹ ಬರಬೇಕು, ಅಲ್ಲಿ ದಂಗೆ ಎದ್ದರೆ? ಚಿಪ್ ಮಾಡಿಕೊಡುವವನು ಒಬ್ಬನೇ, ಅವನು ಕೈಕೊಟ್ಟರೆ? ಹಡಗು ನಡುದಾರಿಯಲ್ಲಿ ಸಿಕ್ಕಿಕೊಂಡರೆ? ಡಾಲರಿನ ಬೆಲೆ ಏಕಾಏಕಿ ಏರಿದರೆ? ಯಾರೋ ಬಂದು, ಈ ಗುಂಡಿಯ ಉಪಾಯ ನಮ್ಮದು ಎಂದು ಕೋರ್ಟಿಗೆ ಎಳೆದರೆ? ಒಂದೊಂದು ಭಯಕ್ಕೆ ಒಬ್ಬೊಬ್ಬ ಕಾವಲುಗಾರನನ್ನು ನೇಮಿಸಿದ. ಬೆಳಗಾದರೆ ಅವರೆಲ್ಲ ಅವನ ಸುತ್ತ ಕೂತು ತಮ್ಮ ತಮ್ಮ ದಿಕ್ಕಿನ ಅಪಾಯ ಹೇಳುವರು. ಅಪಾಯ ಕಾಣದ ದಿನ ತಮ್ಮ ಕೆಲಸಕ್ಕೇ ಸಂಚಕಾರ ಎಂದು ಹೆದರಿ, ಇಲ್ಲದ್ದನ್ನೂ ಹುಡುಕಿ ತರುವರು. ವ್ಯಾಪಾರಿ ಊಟಕ್ಕೆ ಕೂತಾಗಲೂ ಅವರ ವರದಿಯನ್ನೇ ಕೇಳುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಭಯ ಎದುರಾಳಿಯದು. ಅವನ ಫೋನು ವೀಳ್ಯದೆಲೆಯಷ್ಟು ತೆಳ್ಳಗೆ, ಬೆನ್ನು ಅಂಟು ಹಾಕಿ ಮುಚ್ಚಿದ್ದು. ಎದುರಾಳಿಯ ಹೊಸ ಫೋನು ಬಂದಾಗಲೆಲ್ಲ ಕಾರ್ಖಾನೆಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಆ ಫೋನನ್ನು ಸ್ಕ್ರೂ ಸ್ಕ್ರೂ ಬಿಚ್ಚಿ ಹರಡಿ, ಎಲ್ಲರೂ ಸುತ್ತ ನಿಂತು ನೋಡಬೇಕು. ಅಲ್ಲಿ ಅದಕ್ಕೆ ಸಿಗುತ್ತಿದ್ದ ಮರ್ಯಾದೆ ಮದುವೆ ಮನೆಯಲ್ಲಿ ಬೀಗರಿಗೂ ಸಿಗದು. ವ್ಯಾಪಾರಿ ಅಂಥದ್ದೊಂದನ್ನು ಸದಾ ತನ್ನ ಜೇಬಿನಲ್ಲೇ ಇಟ್ಟುಕೊಂಡ. ಎದುರಾಳಿಯ ನಾಡಿ ಕೈಯಲ್ಲೇ ಇರಲಿ ಎಂದು ಸಮಜಾಯಿಷಿ ಕೊಟ್ಟ. ಅವನದೇ ಫೋನು ಮೇಜಿನ ಡ್ರಾಯರಿನಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು.

ಒಂದು ದಿನ ಆ ಮೇಜಿನ ಮುಂದೆ ನಿಂತು, "ನಮ್ಮದೂ ಹೀಗೇ ಆಗಬೇಕು" ಎಂದ. ಅಂಟು ಹಾಕಿ ಬೆನ್ನು ಮುಚ್ಚಿದರು. ಹಳೆಯ ಅಚ್ಚುಗಳನ್ನು ಕರಗಿಸಿ ಹೊಸ ಅಚ್ಚು ಎರೆದರು. ಮುಚ್ಚಳವನ್ನು ಯಾರು ಬಿಚ್ಚುತ್ತಿದ್ದರು, ಯಾಕೆ ಬಿಚ್ಚುತ್ತಿದ್ದರು ಎಂಬುದನ್ನು ನೋಡಿಕೊಳ್ಳಲು ಕಾವಲುಗಾರನಿರಲಿಲ್ಲ.

ಆಮೇಲೆ ಅಪಾಯಗಳು ನಿಜವಾಗಿಯೂ ಬಂದವು. ಗಣಿಯಲ್ಲಿ ದಂಗೆ ಎದ್ದಿತು, ಬೇರೆ ಗಣಿ ಸಿದ್ಧವಿತ್ತು. ಹಡಗು ಸಿಕ್ಕಿಕೊಂಡಿತು, ಇನ್ನೊಂದು ಹಡಗು ಹೊರಟಿತು. ಕೋರ್ಟಿನಲ್ಲಿ ಅವನೇ ಗೆದ್ದ. ಗೆದ್ದರೂ ಮನಸ್ಸು ನಿಲ್ಲಲಿಲ್ಲ, ಏಕೆಂದರೆ ಅವನ ಫೋನು ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದ ಕಡಲಂಚಿನ ದೇಶವೊಂದರಲ್ಲಿ ಹೊಸ ಮಾಲು ಗೋದಾಮು ಬಿಟ್ಟು ಅಲುಗುತ್ತಿರಲಿಲ್ಲ. ಕಾವಲುಗಾರರನ್ನು ಕೇಳಿದ. ತಮ್ಮ ದಿಕ್ಕಿನಲ್ಲಿ ಎಲ್ಲ ಸರಿಯಿದೆ ಎಂದರು. ಕಡೆಗೆ ತಾನೇ ಹೊರಟ.

ಆ ಗೋದಾಮಿಗೆ ಹೋಗಲು ಹಿನ್ನೀರು ದಾಟಬೇಕಿತ್ತು. ದೋಣಿ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಜಾರಿ ದೋಣಿಯ ತಳದ ನೀರಿಗೆ ಬಿತ್ತು. ಅವಳು ಗಾಬರಿಯಾಗಲಿಲ್ಲ. ಎತ್ತಿಕೊಂಡು ಉಗುರಿನಿಂದ ಮುಚ್ಚಳ ಎಬ್ಬಿಸಿ, ಬ್ಯಾಟರಿ ಒರೆಸಿ ಹಲಗೆಯ ಮೇಲೆ ಬಿಸಿಲಿಗಿಟ್ಟಳು. ಅದು ವ್ಯಾಪಾರಿಯ ಹಳೆಯ ಫೋನು. ಬಹಳ ದಿನಗಳ ಮೇಲೆ ಅವನಿಗೆ ಸಂತೋಷವಾಯಿತು.

"ಇದು ಹಳೆಯದಾಯಿತಲ್ಲ ತಾಯಿ, ಇದೇ ಹೆಸರಿನ ಹೊಸದು ಬಂದಿದೆಯಂತೆ. ಕೊಳ್ಳಬಾರದೇ?" ಎಂದು ಕೇಳಿದ.

"ಕೊಂಡಿದ್ದೆ ಕಣಪ್ಪ. ನೀರು ಹೊಕ್ಕಿತು. ಬಿಚ್ಚೋಣ ಅಂದ್ರೆ ಎಲ್ಲಿ ಬಿಚ್ಚೋದು? ಹಾಗೇ ಹಾಳಾಯ್ತು. ನಮ್ಮ ಕೇರಿಯೋರೆಲ್ಲ ಹಾಗೇ ಕಳ್ಕೊಂಡ್ರು, ಈಗ ಯಾರೂ ಆ ಹೆಸರು ಎತ್ತಲ್ಲ. ಇದನ್ನ ಮಾಡಿದೋನಿಗೆ ನಾವು ನೀರಲ್ಲಿ ಬದುಕೋ ಜನ ಅಂತ ಗೊತ್ತಿತ್ತು. ಪುಣ್ಯಾತ್ಮ, ಸತ್ತುಹೋಗಿರಬೇಕು. ಅವನ ಹೆಸರು ಹಾಕಿ ಬೇರೆ ಯಾರೋ ಮಾಡ್ತಾ ಇದ್ದಾರೆ."

ನಾನೇ ಅವನು, ಬದುಕಿದ್ದೇನೆ ಎಂದು ಹೇಳಲು ವ್ಯಾಪಾರಿ ಬಾಯಿ ತೆರೆದ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ತೆಗೆದ. ದೋಣಿಯವಳು ಅವನ ಕೈಯಲ್ಲಿದ್ದ ಎದುರಾಳಿಯ ತೆಳ್ಳನೆಯ ಫೋನನ್ನು ನೋಡಿದಳು. "ನೀನೂ ಆ ಹೆಸರಿನ ಫೋನು ಬಿಟ್ಟುಬಿಟ್ಯಾ?" ಎಂದು ಕೇಳಿ ಹುಟ್ಟು ಹಾಕತೊಡಗಿದಳು. ಅವನು ಫೋನನ್ನು ಮತ್ತೆ ಜೇಬಿಗೆ ತುರುಕಿಕೊಂಡ. ತಾನು ಯಾರೆಂದು ಹೇಳುವ ಮುಖ ಅವನಿಗೆ ಉಳಿದಿರಲಿಲ್ಲ.

ದಡ ಸೇರಿದವನೇ ಕಾರ್ಖಾನೆಗೆ ಹೇಳಿಕಳಿಸಿದ, ಹಳೆಯ ಫೋನನ್ನೇ ಮಾಡಿ ಎಂದು. ಅಚ್ಚುಗಳೆಲ್ಲ ಕರಗಿಹೋಗಿವೆ ಎಂದು ಉತ್ತರ ಬಂತು. ಮತ್ತೆ ಅಚ್ಚು ಎರೆಯುವಷ್ಟರಲ್ಲಿ, ಮಾರದ ಮಾಲಿನ ಸಾಲಕ್ಕೆ ಕಾರ್ಖಾನೆ ಬೇರೆಯವರ ಪಾಲಾಯಿತು. ಅದು ಕೈಬಿಟ್ಟ ಬೆಳಿಗ್ಗೆಯೂ ಕಾವಲುಗಾರರು ಸುತ್ತ ಕೂತು, ತಮ್ಮ ತಮ್ಮ ದಿಕ್ಕು ಭದ್ರವಾಗಿದೆ ಎಂದೇ ಹೇಳಿದರು.

ಕತೆ ನಿಂತಿತು. ಚನ್ನಮಲ್ಲನ ಕಣ್ಣು ಅವನಿಗೇ ತಿಳಿಯದಂತೆ ಮತ್ತೆ ಹೊಳೆಯ ಕಡೆ ಹೋಗಿತ್ತು.

"ಹಾಗಾದರೆ ಅವನು ಎದುರಾಳಿಯ ಕಡೆ ನೋಡಲೇಬಾರದಿತ್ತೇ, ಬುದ್ಧಿ?" ಎಂದು ಕೇಳಿದ.

ಗುರುಗಳು ಹೇಳಿದರು: "ಆಚೆ ದಡದಲ್ಲಿ ಮೆಟ್ಟಿಲ ಮೇಲೂ ಜನ ಕೂತಿದ್ದರು ಎಂದೆಯಲ್ಲ. ಇವತ್ತು ಪ್ರವಚನದಲ್ಲಿ ನಿನ್ನ ಎದುರಿಗೇ, ಕಂಬಕ್ಕೆ ಒರಗಿ ಕೂತು ಅಳುತ್ತಿದ್ದವಳು ಯಾರು?"