ನೂಲುಶಾಲೆಯ ನಿರ್ಜಲ ವ್ರತ

ಈಶ್ವರನು ಪಾರ್ವತಿಗೆ ಈ ಕಥೆ ಹೇಳುವಾಗ ಮಗ್ಗುಲಲ್ಲೇ ಕೂತು ಹೂಂಗುಟ್ಟಿದವನು ನಾನು. ಸುಳ್ಳು. ನಮ್ಮ ಸೋದರತ್ತೆ ಓದುವಾಗ ಕೋಸಂಬರಿಯ ಆಸೆಗೆ ಕೂತು ಕೇಳಿದ್ದು. ಬತ್ತಿ ಸರಿಮಾಡಿ, ಅಕ್ಷತೆ ಕೈಯಲ್ಲಿ ಹಿಡಿದು ಕೇಳುವಂಥವರಾಗಿ.

ಪೂರ್ವಕಾಲದಲ್ಲಿ ಕಣಗಲಾಪುರವೆಂಬ ಪಟ್ಟಣವನ್ನು ಹೊನ್ನಾಂಬಿಕೆಯೆಂಬ ರಾಣಿಯು ಆಳುತ್ತಿರಲು, ಊರ ಹೊರಗೆ ಆಕೆಯದೊಂದು ನೂಲುಶಾಲೆ ಇತ್ತು. ಗಂಡಸರೂ ಹೆಂಗಸರೂ ಹೊತ್ತು ಹುಟ್ಟುವಾಗ ಒಳಹೊಕ್ಕು ದೀಪ ಹಚ್ಚುವ ಹೊತ್ತಿಗೆ ಹೊರಬರುವರು. ಗಂಡಸರು ಬೇಕೆನಿಸಿದಾಗ ಎದ್ದು ಹಿಂದಿನ ಗೋಡೆಗೆ ಮುಖ ಮಾಡಿ ನಿಂತು ಬರುವರು. ಹೆಂಗಸರಿಗೆ ಮರೆಯೆಂಬುದು ಒಂದು ಗಿಡದಷ್ಟೂ ಇಲ್ಲದ ಕಾರಣ, ಅವರು ಒಂದು ಗುಟುಕು ನೀರೂ ಕುಡಿಯದೆ ದಿನವಿಡೀ ನೂಲುವರು.

ಒಮ್ಮೆ ರಾಣಿಯು ನೋಡಬಂದು, ಹೆಂಗಸರ ಬದಿಯ ಕೊಡ ತುಂಬಿದ್ದು ತುಂಬಿದಂತೆಯೇ ಇರುವುದನ್ನು ಕಂಡು ಕಾರಣ ಕೇಳಲು, ಮೇಸ್ತ್ರಿ ಸಿದ್ದಪ್ಪನು ನಾಚಿ, ಬೇರೇನೂ ತೋಚದೆ, ನಿರ್ಜಲ ವ್ರತ ಹಿಡಿದಿದ್ದಾರೆ ತಾಯಿ ಎಂದುಬಿಟ್ಟನು. ರಾಣಿಯು ಹಿಗ್ಗಿ ಹೀರೇಕಾಯಿಯಾಗಿ, ಇಂಥ ಪುಣ್ಯವಂತೆಯರು ಇನ್ನಾವ ರಾಜ್ಯದಲ್ಲುಂಟು ಎಂದು ಡಂಗುರ ಹೊಡೆಸಿ, ಎಲ್ಲರಿಗೂ ಅರಿಸಿನ ಕುಂಕುಮ, ರವಿಕೆ ಕಣ ಕೊಡಿಸಿದಳು. ಅಂದಿನಿಂದ ನೀರು ಮುಟ್ಟಿದವಳು ವ್ರತ ಕೆಡಿಸಿದವಳು ಎಂದಾಯಿತು.

ಅಲ್ಲಿ ಸಂಕವ್ವ, ಮಲ್ಲಯ್ಯ ಎಂಬ ಬಡ ದಂಪತಿಗಳು ನೂಲುತ್ತಿದ್ದರು. ಸಂಕವ್ವನಿಗೆ ಉರಿಮೂತ್ರ ಹತ್ತಿ, ಸೊಂಟ ಹಿಡಿದು, ಜ್ವರ ಏರಲು, ಗಂಡನು ಚೊಂಬು ಹಿಡಿದು ಬಂದನು.

"ಒಂದು ಗುಟುಕು ಕುಡಿಯೇ."

"ಕುಡಿದು ಎಲ್ಲಿ ಕೂರಲಿ? ನಿಮ್ಮ ಮೇಸ್ತ್ರಿಯ ರುಮಾಲಿನ ಮೇಲಾ?"

ಮಲ್ಲಯ್ಯನು ನಕ್ಕನು. ಆಮೇಲೆ ಎದ್ದು ಹಿಂದಿನ ಗೋಡೆಯ ಕಡೆಗೆ ಹೋದನು.

ಹೀಗಿರಲು ವ್ರತದ ಉದ್ಯಾಪನೆಗೆಂದು ರಾಣಿಯೇ ಶಾಲೆಗೆ ಬಂದು, ಹೊಟ್ಟೆ ತುಂಬ ಪಾನಕ ಕುಡಿದು ಮಣೆಯ ಮೇಲೆ ಕೂತಳು. ಪುರೋಹಿತರ ಮಂತ್ರ ಮುಗಿಯಲೊಲ್ಲದು. ರಾಣಿಯು ಕಾಲು ಕೂಡಿಸಿದಳು, ಬೆವತಳು, ಕೊನೆಗೆ ಜ್ವರದಲ್ಲೇ ಪಕ್ಕದಲ್ಲಿ ಕೂತಿದ್ದ ಸಂಕವ್ವನ ಕಿವಿಯಲ್ಲಿ, ನೀವೆಲ್ಲ ಎಲ್ಲಿಗೆ ಹೋಗುತ್ತೀರೇ ಎಂದಳು. ಎಲ್ಲಿಗೂ ಇಲ್ಲ ತಾಯಿ, ಅದಕ್ಕೇ ಈ ವ್ರತ, ಎಂದಳು ಸಂಕವ್ವ. ರಾಣಿಗೆ ಆಗ ಅರ್ಥವಾಗಿ, ಮಂತ್ರ ನಿಲ್ಲಿಸಿ, ಕೂಡಲೇ ಹೆಂಗಸರಿಗೊಂದು ಕೋಣೆ ಕಟ್ಟಿ ಒಳಗಿನಿಂದ ಅಗುಳಿ ಇಡಿರೆಂದು ಅಪ್ಪಣೆ ಮಾಡಿದಳು.

ಕದ ಕೂರಿಸುವ ಮೊದಲೇ ಸಂಕವ್ವ ತೀರಿಕೊಂಡಳು. ಇಲ್ಲಿ ದೇವಿ ಪ್ರತ್ಯಕ್ಷಳಾಗಿ ಅವಳನ್ನು ಎಬ್ಬಿಸಬೇಕು, ಎಲ್ಲ ಕಥೆಯಲ್ಲೂ ಎಬ್ಬಿಸುತ್ತಾಳೆ. ಹೇಳುವಾಗೆಲ್ಲ ನಾನೂ ಎಬ್ಬಿಸಿ ನೋಡಿದ್ದೇನೆ, ಏಳುವುದಿಲ್ಲ. ಮಳೆಗಾಲ ಬರುತ್ತಲೇ ಸಿದ್ದಪ್ಪನು ನೂಲು ನೆನೆಯುತ್ತದೆಂದು ಆ ಕೋಣೆಯಲ್ಲಿ ಮೂಟೆ ಪೇರಿಸಿ ಬೀಗ ಹಾಕಿದನು. ರಾಣಿ ಮತ್ತೆ ಆ ಕಡೆ ಬರಲಿಲ್ಲ. ಹೆಂಗಸರ ಕೊಡ ತುಂಬಿಯೇ ಇತ್ತು. ಕಂಡವರು ಕೈಮುಗಿದು ಮುಂದೆ ಹೋದರು.

ಆದಕಾರಣ ಈ ವ್ರತದ ಸರಿಯಾದ ಕ್ರಮವೇನೆಂದರೆ, ದುಡಿಯುವ ಹೆಣ್ಣಿಗೆ ಮರೆಯಾದ ಜಾಗವನ್ನೂ ಅದರ ಬೀಗದ ಕೈಯನ್ನೂ ಮೊದಲು ಕೊಟ್ಟು, ಆಮೇಲೆ ದೇವಿಯ ಮುಂದೆ ನೀರಿಡುವುದು. ಹಾಗೆ ಮಾಡಿದವರಿಗೆ ಸಂಕವ್ವನಿಗೆ ದಕ್ಕದ ಆಯುಸ್ಸು ದಕ್ಕುವುದು, ಹೇಳಿದವರಿಗೂ ಕೇಳಿದವರಿಗೂ ಅದೇ ಫಲ. ಮಾಡಿದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ಕಥೆ ಹೇಳಿದ್ದಕ್ಕೆ ನನ್ನ ಚಹಾದ ದುಡ್ಡು ನೀವೇ ಕೊಡಬೇಕು. ಈ ಚಹಾದಂಗಡಿಯಲ್ಲಿ ಕೂತ ಹೆಣ್ಣುಮಕ್ಕಳಿಗೂ ಒಂದೊಂದು ಲೋಟ ಹೇಳಿ. ಬೇಡ ಎಂದವಳನ್ನು, ಎಲ್ಲಿ ಕೆಲಸಕ್ಕೆ ಹೋಗುತ್ತೀಯಮ್ಮ ಎಂದು ಕೇಳಿ.