ಕಣ್ಣಿಕಟ್ಟೆಗೆ ಆ ಹೆಸರು ಬಂದದ್ದು

ಕಣ್ಣಿಕಟ್ಟೆ ದೊಡ್ಡ ಊರಲ್ಲ. ಮಂಗಳವಾರ ಬಿಟ್ಟು ಉಳಿದ ದಿನ ಅಲ್ಲಿ ಬಸ್ಸು ನಿಂತರೂ ಇಳಿಯುವವರು ಕಡಿಮೆ. ಮಂಗಳವಾರ ಮಾತ್ರ ಬೆಳಕು ಹರಿಯುವ ಮೊದಲೇ ಊರಿಗೆ ಬರುವ ರಸ್ತೆಗಳಲ್ಲೆಲ್ಲ ಲಾರಿಗಳೂ ಟೆಂಪೊಗಳೂ ಸಾಲುಗಟ್ಟುತ್ತವೆ. ಬಿಸಿಲೇರುವ ಹೊತ್ತಿಗೆ ಮೈದಾನದ ಮಣ್ಣು ಕಾಣಿಸುವುದಿಲ್ಲ. ದನದ ಬೆನ್ನುಗಳು, ಕೊಂಬುಗಳು, ನಡುನಡುವೆ ರುಮಾಲುಗಳು. ಕೊಂಬು ಹೆರೆಯುವವರು, ಲಾಳ ಕಟ್ಟುವವರು, ಹಗ್ಗ ಗೆಜ್ಜೆ ಮಾರುವವರು ಬೇಲಿಯ ಉದ್ದಕ್ಕೂ ಕುಳಿತಿರುತ್ತಾರೆ. ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ ಮಾಡುತ್ತ, ಮುಖದಲ್ಲಿ ಏನೂ ನಡೆದಿಲ್ಲವೆಂಬಂತೆ ಎಲೆಯಡಿಕೆ ಅಗಿಯುತ್ತಾರೆ. ಈ ನೂಕುನುಗ್ಗಲಿನ ನಡುವೆ ಎದೆಮಟ್ಟದ ಒಂದು ಕಲ್ಲುಕಟ್ಟೆ ಇದೆ. ಕಟ್ಟೆಯ ಬುಡದ ನೆಲದಲ್ಲಿ ಗೂಟದಂತೆ ನೆಟ್ಟ ಒಂದು ಕಲ್ಲು. ಕಲ್ಲಿನ ಕೊರಳ ಸುತ್ತ, ಬಳೆ ತೊಡಿಸಿ ತೆಗೆದಂತೆ, ಸವೆದ ಒಂದು ಗೆರೆ. ಕರು ಕಟ್ಟಲು ಜಾಗವಿಲ್ಲದೆ ಜನ ತಮ್ಮ ಸೊಂಟಕ್ಕೇ ಹಗ್ಗ ಸುತ್ತಿಕೊಂಡು ನಿಲ್ಲುತ್ತಾರೆಯೇ ಹೊರತು ಆ ಕಲ್ಲಿಗೆ ಯಾರೂ ಏನನ್ನೂ ಕಟ್ಟುವುದಿಲ್ಲ.

ಈಚೆಗೆ ಯಾರೋ ಅದರ ಪಕ್ಕದಲ್ಲಿ ಬೋರ್ಡು ನಿಲ್ಲಿಸಿದ್ದಾರೆ. ‘ಶ್ರೀ ಕನ್ನಿಕಾಕಟ್ಟೆ ಅಮ್ಮನವರು’ ಎಂದು ಹಳದಿ ಅಕ್ಷರದಲ್ಲಿ ಬರೆದು, ಕೆಳಗೆ ಹದಿಹರೆಯದ ಒಂದು ಹುಡುಗಿಯ ಚಿತ್ರ ಬಿಡಿಸಿದ್ದಾರೆ. ಹೊರಗಿನಿಂದ ಬಂದವರು ಅದನ್ನು ನಂಬಿ ಕಲ್ಲಿನ ಬುಡದಲ್ಲಿ ಹಸಿರು ಬಳೆ ಇಟ್ಟುಹೋಗುತ್ತಾರೆ. ಊರಿನವರು ತಿದ್ದುವುದಿಲ್ಲ. ಕನ್ನಿಕೆಗೂ ಈ ಕಟ್ಟೆಗೂ ಸಂಬಂಧವಿಲ್ಲ. ಕಣ್ಣಿ ಎಂದರೆ ದನದ ಕೊರಳಿಗೆ ಹಾಕಿ ಕಟ್ಟುವ ಹಗ್ಗ. ಹೆಸರು ಬಂದದ್ದು ಆ ಹಗ್ಗದಿಂದ, ಮತ್ತು ಒಬ್ಬ ಅಜ್ಜಿಯಿಂದ.

ಪಾಳೆಯಗಾರರ ಆಳ್ವಿಕೆ ಇನ್ನೂ ಮುಗಿಯದಿದ್ದ ಕಾಲದಲ್ಲಿ ಇಲ್ಲಿ ಊರು ಇರಲಿಲ್ಲ ಎನ್ನುತ್ತಾರೆ. ದಾರಿಗಳು ಕೂಡುವ ಜಾಗ, ಒಂದು ಕಟ್ಟೆ, ಒಂದು ಬಾವಿ, ಅಷ್ಟೆ. ಮೂಡಣದಿಂದ ತೆಲುಗು ಮಾತಿನವರು, ಬಡಗಣದಿಂದ ಮರಾಠಿ ಮಾತಿನವರು, ಘಟ್ಟದ ಕೆಳಗಿನಿಂದ ತಮಿಳರು ದನ ಹೊಡೆದುಕೊಂಡು ಬಂದು ಬಾವಿಯ ಬಳಿ ತಂಗುತ್ತಿದ್ದರು. ತಂಗಿದಲ್ಲೇ ವ್ಯಾಪಾರ ಬೆಳೆಯಿತು. ವ್ಯಾಪಾರದ ಜೊತೆಗೆ ಜಗಳವೂ ಬೆಳೆಯಿತು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಕೊಡುತ್ತೇನೆಂದ, ಅನ್ನಲಿಲ್ಲ, ತಲೆಯಾಡಿಸಿದ, ನೊಣ ಓಡಿಸಿದೆ, ಹೀಗೆ ಶುರುವಾಗಿ ಒಂದು ವರ್ಷ ಕೊಲೆಯೂ ನಡೆಯಿತಂತೆ. ಆಗ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುತ್ತಿದ್ದ ಗುರಿಕಾರನು ಒಂದು ಕಟ್ಟಳೆ ಮಾಡಿದನು. ಬಾಯಿಮಾತು ಲೆಕ್ಕಕ್ಕಿಲ್ಲ. ಈ ಕಟ್ಟೆಯ ಸುತ್ತ ಯಾರು ತಮ್ಮ ಕೈಯ ಕಣ್ಣಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೋ ಅವರು ದನ ಕೊಟ್ಟ ಹಾಗೆ. ಕೈಗೆ ಬಂದ ಕಣ್ಣಿ ತಿರುಗಿ ಹೋಗುವುದಿಲ್ಲ. ಮಾತು ಬಾರದ ಇಬ್ಬರು ಕೂಡ ಈ ಕಟ್ಟಳೆಯನ್ನು ನಂಬಿ ವ್ಯಾಪಾರ ಮಾಡಬಹುದಿತ್ತು. ಜಗಳ ನಿಂತಿತು. ಸಂತೆ ಹೆಸರುವಾಸಿಯಾಯಿತು. ಗುರಿಕಾರಿಕೆ ತಂದೆಯಿಂದ ಮಗನಿಗೆ ಇಳಿಯುತ್ತ ಹಲಗಯ್ಯ ಎಂಬವನ ಕೈಗೆ ಬಂತು.

ಹಲಗಯ್ಯ ಕೆಟ್ಟವನಾಗಿರಲಿಲ್ಲ ಎಂಬುದನ್ನು ಈ ಕಥೆ ಹೇಳುವವರೆಲ್ಲರೂ ಮೊದಲೇ ಹೇಳಿಬಿಡುತ್ತಾರೆ. ಅವನ ಸ್ವಂತ ತಮ್ಮ ಒಂದು ಸಲ ಹೆಂಡದ ಅಮಲಿನಲ್ಲಿ ತನ್ನ ಜೋಡಿ ಎತ್ತುಗಳ ಕಣ್ಣಿಯನ್ನು ತಮಾಷೆಗೆ ಒಬ್ಬ ದನಗಾರನ ಕೈಗಿಟ್ಟ. ದನಗಾರ ಅದನ್ನು ತಮಾಷೆಯೆಂದು ತಿಳಿಯಲಿಲ್ಲ. ತಮ್ಮ ಅಳುತ್ತ ಕಟ್ಟೆಗೆ ಬಂದಾಗ ಹಲಗಯ್ಯ ಒಂದೇ ಮಾತು ಕೇಳಿದ: ಕಣ್ಣಿ ಕೊಟ್ಟೆಯೋ ಇಲ್ಲವೋ? ಎತ್ತುಗಳು ಹೋದವು. ಅಂದಿನಿಂದ ಅವನು ಅಣ್ಣನ ಮನೆಯ ನೀರು ಮುಟ್ಟಲಿಲ್ಲ. ಆದರೆ ದೂರದ ದನಗಾರರೂ ಹಲಗಯ್ಯನ ಹೆಸರು ಹೇಳಿ ಆಣೆ ಇಡುತ್ತಿದ್ದರು.

ಹೀಗಿರಲು ಒಂದು ವರ್ಷ ಬೆಟ್ಟದ ಸಾಲಿನ ಹಟ್ಟಿಗಳಿಗೆ ದನದ ದೊಡ್ಡರೋಗ ಬಂತು. ಆ ಹಟ್ಟಿಗಳ ಜನ ದನ ಸಾಕಿ ಬದುಕಿದವರೇ ಹೊರತು ದನ ಮಾರಿದವರಲ್ಲ. ಸಂತೆಯನ್ನು ಕಂಡವರೇ ಅವರಲ್ಲಿ ಇರಲಿಲ್ಲ. ಹಾಲು ಕರೆಯುವಾಗ ಹಸುವಿನ ಕಣ್ಣಿಯನ್ನು ನಂಬಿದವರೊಬ್ಬರ ಕೈಗೆ ಕೊಡುವುದು ಅವರ ವಾಡಿಕೆ. ಮನೆಗೆ ನೆಂಟರು ಬಂದರೆ ಮೊದಲು ಅವರ ಕೈಗೆ ಕಣ್ಣಿ ಕೊಟ್ಟು, ಆಮೇಲೆ ಅವರೆದುರೇ ಕರೆದ ಹಾಲನ್ನು ಕುಡಿಸುತ್ತಿದ್ದರು, ಅದೇ ಮರ್ಯಾದೆ. ರೋಗ ಹೋಗುವಾಗ ದನ ಸತ್ತು, ಜನ ಹೊಟ್ಟೆಪಾಡಿಗೆ ವಲಸೆ ಹೋಗಿ ಹಟ್ಟಿಗಳೂ ಬರಿದಾಗಿದ್ದವು. ಚಿತ್ತವ್ವ ಎಂಬ ಮುದುಕಿಗೆ ಉಳಿದದ್ದು ಹಂಡವ್ವ ಎಂಬ ಒಂದು ಹಸು, ಮತ್ತು ಹೆರಿಗೆಯಲ್ಲಿ ತೀರಿಕೊಂಡ ಮಗಳ ಒಂದು ಕೂಸು. ಹಟ್ಟಿಯಲ್ಲಿ ಎದೆಹಾಲು ಕೊಡುವ ಹೆಂಗಸರು ಉಳಿದಿರಲಿಲ್ಲ. ಕೂಸು ಹುಟ್ಟಿದಂದಿನಿಂದ ಹಂಡವ್ವನ ಹಾಲಿನಲ್ಲೇ ಉಸಿರು ಹಿಡಿದುಕೊಂಡಿತ್ತು. ಬಯಲಿನಾಚೆ ತನ್ನ ಅಣ್ಣನ ಹಟ್ಟಿಗೆ ಸೇರಿಬಿಟ್ಟರೆ ಆಯಿತೆಂದು ಮುದುಕಿ ಕೂಸನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು, ಹಸುವನ್ನು ಹಿಡಿದುಕೊಂಡು ಬೆಟ್ಟ ಇಳಿದಳು. ದಾರಿ ಈ ಸಂತೆಯ ನಡುವೆಯೇ ಹಾದುಹೋಗುತ್ತಿತ್ತು.

ಕಟ್ಟೆಯ ಬಳಿಗೆ ಬರುವಷ್ಟರಲ್ಲಿ ಕೂಸು ಹಸಿದು ಅಳತೊಡಗಿತು. ಅಲ್ಲಿ ತಿಪ್ಪಯ್ಯ ಎಂಬ ವ್ಯಾಪಾರಿ ನಿಂತಿದ್ದ. ಅವನು ಆಗಲೇ ಹಸುವಿನ ಕೆಚ್ಚಲನ್ನೂ ಗೊರಸನ್ನೂ ನೋಡಿ ಮೆಚ್ಚಿಕೊಂಡಿದ್ದ. ಚಿತ್ತವ್ವ ಅವನ ಮುಖ ನೋಡಿ, ಒಳ್ಳೆಯವನಂತೆ ಕಂಡನೆಂದು, ಕಣ್ಣಿಯನ್ನು ಅವನ ಕೈಗೆ ಕೊಟ್ಟಳು. “ಅಣ್ಣಾ, ಒಸಿ ಹಿಡ್ಕೊ. ಹಾಲು ಕರೀಬೇಕು.” ಸಂತೆಯಲ್ಲಿ ಹಸು ಮಾರುವವರು ಕೊಳ್ಳುವವರ ಎದುರಿಗೆ ಹಾಲು ಕರೆದು ತೋರಿಸುವುದು ಇಂದಿಗೂ ಉಂಟು. ತಿಪ್ಪಯ್ಯ ಹಾಗೆಯೇ ತಿಳಿದ. ಅವಳು ಬೊಗಸೆಯಷ್ಟು ಸಣ್ಣ ಮಡಕೆಯಲ್ಲಿ ಹಾಲು ಕರೆದು ಎದ್ದಳು. ನೊರೆ ನೋಡಿ ಅವನು ತಲೆದೂಗಿದ. ನಡುವಿನಲ್ಲಿದ್ದ ಹಣದ ಚೀಲ ಬಿಚ್ಚಿ ಕೂಸಿನ ಬುಟ್ಟಿಯಲ್ಲಿಟ್ಟ. ಕೂಸನ್ನು ಮೊದಲು ಕಂಡವರು ಅದರ ಕೈಗೆ ಕಾಸಿಡುವುದು ಹಟ್ಟಿಯಲ್ಲೂ ಇದ್ದ ರೂಢಿ. ಚಿತ್ತವ್ವನ ಕಣ್ಣು ತುಂಬಿತು. “ನಿನ್ನ ಕೊಟ್ಟಿಗೆ ತುಂಬಲಪ್ಪ” ಎಂದಳು. ತಿಪ್ಪಯ್ಯನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಮಾರಿದವರು ಕೊಂಡವರಿಗೆ ಹೇಳುವ ಹರಕೆಯೂ ಅದೇ ಆಗಿತ್ತು.

ಅವಳು ದೂಳಿಗೆ ಮರೆಯಾಗಿ ಕಟ್ಟೆಯ ಹಿಂದೆ ಕುಳಿತು ಒಳಲೆಯಿಂದ ಕೂಸಿಗೆ ಹಾಲು ಹಾಕಿದಳು. ಹಸಿದ ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವುದು ಅವಸರದ ಕೆಲಸವಲ್ಲ. ಅದು ಕುಡಿದು ತೇಗಿ ಮಲಗಿದ ಮೇಲೆ ಎದ್ದು ಬಂದರೆ, ಹಂಡವ್ವ ಇದ್ದ ಜಾಗದಲ್ಲಿ ಬೇರೆ ಯಾರದೋ ಕೋಣ ನಿಂತಿತ್ತು. ತಿಪ್ಪಯ್ಯ ಹಸುವನ್ನು ಘಟ್ಟದ ಕೆಳಗಿನ ದನಗಾರನಿಗೆ ಕೊಟ್ಟಾಗಿತ್ತು. ಆ ದನಗಾರ ಮಂದೆ ಕೂಡಿಸಿಕೊಂಡು ಹೊರಟಾಗಿತ್ತು.

ನ್ಯಾಯ ಕಟ್ಟೆಗೆ ಬಂತು. ಹಲಗಯ್ಯ ಕೇಳಿದ: “ಕಣ್ಣಿ ಕೊಟ್ಟೆಯೇನವ್ವ?”

“ಕೊಟ್ಟೆ. ಹಿಡಿಯಾಕೆ ಕೊಟ್ಟೆ.”

ಸುತ್ತ ನಿಂತವರು ನಕ್ಕರು. “ಹಿಡಿಯಾಕಂತೆ! ನಾವೇನು ಚಳಿ ಕಾಯಿಸ್ಕೊಳ್ಳಾಕೆ ಹಿಡೀತೀವಾ ಅಜ್ಜಿ?” ಎಂದ ಒಬ್ಬ. “ಇನ್ನೊಂದು ಹಸ ಇದ್ರೆ ನಂಗೂ ಒಸಿ ಕೊಡು, ಹಿಡ್ಕೊಂತೀನಿ” ಎಂದ ಮತ್ತೊಬ್ಬ. ತಿಪ್ಪಯ್ಯ ಮಾತ್ರ ನಗಲಿಲ್ಲ. ಮುದುಕಿಯ ಬುಟ್ಟಿಯಲ್ಲಿ ಬಿಚ್ಚದೆ ಬಿದ್ದಿದ್ದ ತನ್ನ ಹಣದ ಚೀಲವನ್ನು ಅವನು ನೋಡಿದ್ದ. ಏನಾಗಿದೆ ಎಂಬುದು ಅವನಿಗೆ ಅರ್ಥವಾಗಿತ್ತು. “ಗುರಿಕಾರ್ರೆ, ಮಂದೆ ಇನ್ನೂ ದೂರ ಹೋಗಿರಾಕಿಲ್ಲ. ಅಪ್ಪಣೆ ಕೊಡಿ, ನಾನೇ ಓಡಿ ತರ್ತೀನಿ” ಎಂದ. ಕಟ್ಟೆಯ ಅಪ್ಪಣೆಯಿಲ್ಲದೆ ಕೇಳಿದರೆ ಯಾವ ದನಗಾರನೂ ಕೊಂಡ ಹಸುವನ್ನು ತಿರುಗಿ ಕೊಡುವವನಲ್ಲ. ಹಲಗಯ್ಯ ಬಾಯಿ ತೆರೆದ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಅವನ ತಮ್ಮನ ದನಿ ಕೇಳಿಸಿತು. ಬಹಳ ವರ್ಷಗಳ ಮೇಲೆ ಅವನು ಅಣ್ಣನೊಂದಿಗೆ ಆಡಿದ ಮಾತು ಅದು. “ಹೇಳಣ್ಣಯ್ಯ, ನ್ಯಾಯ ಹೇಳು. ನಾನೂ ಕೇಳಾಕೆ ಬಂದಿದೀನಿ.”

ಹಲಗಯ್ಯ, ಕೈಗೆ ಬಂದ ಕಣ್ಣಿ ತಿರುಗಿ ಹೋಗುವುದಿಲ್ಲ ಎಂದನು. ಇವತ್ತು ಒಂದು ಕಣ್ಣಿ ತಿರುಗಿದರೆ ನಾಳೆ ಎಲ್ಲರೂ ಹಿಡಿಯಲು ಕೊಟ್ಟೆವು ಎನ್ನುತ್ತಾರೆ, ಸಂತೆ ಉಳಿಯುವುದಿಲ್ಲ ಎಂದನು. ಅವನು ಹೇಳಿದ್ದು ಸುಳ್ಳಲ್ಲ. ಆಮೇಲೆ ಕಟ್ಟೆಯಿಂದ ಇಳಿದು ಮನೆಗೆ ಹೋಗಿ, ತನ್ನ ಕೊಟ್ಟಿಗೆಯ ಕರೆಯುವ ಹಸುವನ್ನೇ ಬಿಚ್ಚಿಕೊಂಡು ಬಂದು ಮುದುಕಿಯ ಮುಂದೆ ನಿಲ್ಲಿಸಿ ಕಣ್ಣಿ ಚಾಚಿದನು. ಚಿತ್ತವ್ವ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. “ಬ್ಯಾಡಪ್ಪ. ನಿಮ್ಮೂರಾಗೆ ಕಣ್ಣಿ ಮುಟ್ಟಿದ್ರೆ ಏನೇನಾಗ್ತದೋ ನಂಗೆ ತಿಳೀದು” ಎಂದಳು. ಹಲಗಯ್ಯನ ಹೆಂಡತಿ ಆ ಹಸುವಿನ ಹಾಲನ್ನು ತಂದು ಕೊಟ್ಟಳು. ಕೂಸು ಕುಡಿಯಿತು, ಆದರೆ ಕುಡಿದದ್ದನ್ನೆಲ್ಲ ಕಕ್ಕಿಬಿಟ್ಟಿತು. ಅಂದೇ ಸಂಜೆ ತೀರಿಕೊಂಡಿತು ಎಂದು ಕೆಲವರು, ಮುಂದಿನ ಸಂತೆಯವರೆಗೆ ಇತ್ತು ಎಂದು ಕೆಲವರು ಹೇಳುತ್ತಾರೆ. ಕೂಸು ಬದುಕಿತು ಎಂದು ಹೇಳುವವರನ್ನು ನಾನು ಕಂಡಿಲ್ಲ.

ಚಿತ್ತವ್ವ ಅಣ್ಣನ ಹಟ್ಟಿಗೆ ಹೋಗಲಿಲ್ಲ. ತಿಪ್ಪಯ್ಯನ ಹಣದ ಚೀಲವನ್ನು ಕಟ್ಟೆಯ ಮೇಲೆ ಬಿಟ್ಟಳು; ಅದನ್ನು ಅವನೂ ಮುಟ್ಟಲಿಲ್ಲ, ಅವನು ಮತ್ತೆ ಆ ಸಂತೆಗೂ ಬರಲಿಲ್ಲ. ಅವಳು ಸೀರೆಯ ಸೆರಗು ಹರಿದು ಹೊಸೆದು ಕಣ್ಣಿ ಮಾಡಿ, ಒಂದು ತುದಿಯನ್ನು ಗೂಟದ ಕಲ್ಲಿನ ಕೊರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಕುಳಿತಳು. ಸೆರಗು ಸವೆದರೆ ಸಂತೆಯಲ್ಲಿ ಬಿದ್ದ ನಾರು ಆಯ್ದು ಮತ್ತೆ ಹೊಸೆಯುವಳು. ಹಾದುಹೋಗುವವರಿಗೆಲ್ಲ ಆ ತುದಿಯನ್ನು ಚಾಚಿ, “ಅಣ್ಣಾ, ಒಸಿ ಹಿಡ್ಕೊ. ಹಾಲು ಕರೀಬೇಕು” ಎನ್ನುವಳು. ಯಾರೂ ಹಿಡಿಯಲಿಲ್ಲ. ಹಿಡಿದರೆ ತಿರುಗಿ ಕೊಡುವಂತಿಲ್ಲವಲ್ಲ. ಅವಳ ಕಲ್ಲು ನಮ್ಮದಾಗುತ್ತದೆ, ಅವಳ ಕೂಸಿನ ಸಾವು ನಮ್ಮದಾಗುತ್ತದೆ ಎಂದು ಜನ ಸುತ್ತು ಬಳಸಿ ನಡೆದರು. ಕೂಳು ನೀರು ಇಟ್ಟುಹೋದರು, ಕಣ್ಣಿ ಮುಟ್ಟಲಿಲ್ಲ. ಹಲಗಯ್ಯನೂ ದಿನಾ ಅದೇ ದಾರಿಯಲ್ಲಿ ಕಟ್ಟೆ ಹತ್ತುತ್ತಿದ್ದ. ಅವನಿಗೂ ಅವಳು ಚಾಚುತ್ತಿದ್ದಳು, ಯಾರು ಏನೆಂಬ ಗುರುತಿಲ್ಲದೆ.

ಬಟ್ಟೆಯ ಹಗ್ಗ ಕಲ್ಲನ್ನು ಸವೆಸುವುದುಂಟೇ ಎಂದು ನಾನೊಮ್ಮೆ ಸಂತೆಯಲ್ಲಿ ಕೊಂಬು ಹೆರೆಯುವ ಹಿರಿಯರೊಬ್ಬರನ್ನು ಕೇಳಿದೆ. ಅವರು ಕೈಯ ಕೆಲಸ ನಿಲ್ಲಿಸದೆ, “ಬಟ್ಟೆ ನೋಡಬ್ಯಾಡಿ ಸ್ವಾಮಿ. ಎಷ್ಟು ಕಾಲ ಚಾಚಿದ್ಲು ಅನ್ನಾದ ನೋಡಿ” ಎಂದರು.

ಒಂದು ಮಂಗಳವಾರ ಬೆಳಿಗ್ಗೆ ಜನ ಸೇರುವಾಗ ಅವಳು ಹಾಗೆಯೇ ಕೈ ಚಾಚಿಕೊಂಡು ಕುಳಿತಿದ್ದಳು, ಮಾತಿಲ್ಲ. ಮುಟ್ಟಿ ನೋಡಿದರೆ ಮೈ ತಣ್ಣಗಾಗಿತ್ತು. ಹೆಣ ಎತ್ತಬೇಕಾದರೆ ಯಾರಾದರೊಬ್ಬರು ಆ ಕಣ್ಣಿಯನ್ನು ಅವಳ ಕೈಯಿಂದ ತೆಗೆದುಕೊಳ್ಳಲೇಬೇಕು. ಸಂತೆಗೆ ಸಂತೆಯೇ ಸುತ್ತ ನಿಂತಿತು. ಯಾರೂ ಮುಂದೆ ಬರಲಿಲ್ಲ. ಬಿಸಿಲೇರಿತು, ದನಗಳು ನೀರಿಗೆ ಕೂಗಿದವು. ಕಡೆಗೆ ಹಲಗಯ್ಯ ಕಟ್ಟೆಯಿಂದ ಇಳಿದು ಬಂದು, ಮಂಡಿಯೂರಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಣ್ಣಿಯ ತುದಿಯನ್ನು ತನ್ನ ಕೈಗೆ ತೆಗೆದುಕೊಂಡನು. ಆಗ ಅವನ ತಮ್ಮ ಎಲ್ಲರಿಗೂ ಕೇಳುವಂತೆ ಕೇಳಿದ:

“ಅಣ್ಣಯ್ಯ, ಹಿಡಿಯಾಕೊ, ಹೊಡಿಯಾಕೊ?”

ಸುಮ್ಮನೆ ಹಿಡಿದುಕೊಂಡಿರಲಿಕ್ಕೋ, ತನ್ನದೆಂದು ಹೊಡೆದುಕೊಂಡು ಹೋಗಲಿಕ್ಕೋ ಎಂದು. ಹೆಣ ಮಣ್ಣಿಗೆ ಹೋದ ಮೇಲೂ ಹಲಗಯ್ಯ ಕಣ್ಣಿ ಬಿಡಲಿಲ್ಲ, ಕಟ್ಟೆ ಹತ್ತಲೂ ಇಲ್ಲ. ಅವಳು ಕುಳಿತಿದ್ದ ಜಾಗದಲ್ಲಿ ಕುಳಿತ. ಮನೆಯವರು ಕರೆದರೂ ಏಳಲಿಲ್ಲ. ಅವನ ನಂತರ ಗುರಿಕಾರಿಕೆಗೆ ಯಾರೂ ಬರಲಿಲ್ಲ. ಸಂತೆ ಮಾತ್ರ ನಿಲ್ಲಲಿಲ್ಲ. ಕಣ್ಣಿ ಕೈ ಬದಲಾಗುವ ಮೊದಲು ಆ ಪ್ರಶ್ನೆ ಕೇಳಬೇಕು ಎಂಬುದು ತಾನಾಗಿಯೇ ರೂಢಿಗೆ ಬಂತು. ಕಟ್ಟೆಯ ಸುತ್ತ ಊರು ಬೆಳೆದಾಗ ಅದಕ್ಕೆ ಕಣ್ಣಿಕಟ್ಟೆ ಎಂದೇ ಹೆಸರಾಯಿತು.

ಈಗ ಮಂಗಳವಾರ ಅಲ್ಲಿಗೆ ಹೋದವರಿಗೆ ಕಲ್ಲು ಕಾಣುತ್ತದೆ, ಕಲ್ಲಿನ ಕೊರಳ ಗೆರೆ ಕಾಣುತ್ತದೆ, ಬುಡದಲ್ಲಿ ತಪ್ಪು ಹೆಸರಿಗೆ ಇಟ್ಟ ಬಳೆಗಳು ಕಾಣುತ್ತವೆ. ಮೈದಾನದ ಅಂಚಿನಲ್ಲಿ ಲಾರಿಗಳು ಹಿಂಬದಿಯ ಬಾಗಿಲು ಬಿಚ್ಚಿ, ಹಲಗೆ ಇಳಿಬಿಟ್ಟು ನಿಂತಿರುತ್ತವೆ. ಹಸುವಿನ ಜೊತೆ ಬಂದ ಹೆಂಗಸರು ಅದರ ಗಂಗೆದೊಗಲು ಸವರುತ್ತ ಕಣ್ಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದಿರುತ್ತಾರೆ. ದಲ್ಲಾಳಿ ಬಂದು ಕೈ ಚಾಚಿ, ಹಿಡಿಯಾಕೊ ಹೊಡಿಯಾಕೊ ಎಂದು ಒಂದೇ ಉಸಿರಿನಲ್ಲಿ, ಬೇರೆಲ್ಲೋ ನೋಡುತ್ತ ಕೇಳುತ್ತಾನೆ. ಕೇಳುವುದನ್ನು ಇಂದಿಗೂ ಯಾರೂ ತಪ್ಪಿಸುವುದಿಲ್ಲ. ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಪ್ರಶ್ನೆ ಮುಗಿಯುವ ಹೊತ್ತಿಗೆ ಹಸುವಿನ ಮುಂಗಾಲು ಲಾರಿಯ ಹಲಗೆಯ ಮೇಲಿರುತ್ತದೆ.